ಐಸಿಯು ಕೆಲಸ ಬಿಟ್ಟು ಉಪಕೇಂದ್ರಕ್ಕೆ ಸಿಎಚ್‌ಒ ಆಗಿ ಹೋಗಬಹುದಾ? ಅನುಭವ ಇದ್ದವರು ಹೇಳಿ

ಶರಾವತಿ_ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡ್ತಿದ್ದೀನಿ. ಸಮುದಾಯ ಆರೋಗ್ಯ ಅಧಿಕಾರಿ (ಸಿಎಚ್‌ಒ) ಹುದ್ದೆಗೆ ಅರ್ಜಿ ಹಾಕಿದ್ದೆ, ಆಯ್ಕೆಯಾಯ್ತು. ಕೌನ್ಸೆಲಿಂಗ್‌ನಲ್ಲಿ ಹೊಸನಗರ ತಾಲ್ಲೂಕಿನ ಒಂದು ಉಪಕೇಂದ್ರ ಸಿಕ್ಕಿದೆ. ನಮ್ಮೂರು ಸಾಗರದ ಕಡೆ, ಹಾಗಾಗಿ ಮಳೆ, ಕಾಡು, ಬಸ್ಸಿಲ್ಲದ ದಾರಿ ಹೊಸದಲ್ಲ. ಹೊಸದು ಅನ್ನಿಸ್ತಿರೋದು ಕೆಲಸವೇ.

ಇಲ್ಲಿ ರಾತ್ರಿ ಎರಡು ಗಂಟೆಗೆ ರೋಗಿಯ ಬಿಪಿ ಇಳಿದ್ರೂ ಕರೆದ ತಕ್ಷಣ ಡಾಕ್ಟರ್ ಬರ್ತಾರೆ. ನಾನು ಹೇಳಿದ್ದನ್ನ ಮಾಡ್ತೀನಿ, ಚಾರ್ಟ್ ಬರೀತೀನಿ. ಅಲ್ಲಿ ನಾನೇ ಮೇಜಿನ ಆ ಕಡೆ ಕೂರಬೇಕಂತೆ. ಅಪ್ಪ ಅಂತೂ ‘ಮಗಳು ಅಧಿಕಾರಿ’ ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದಾರೆ. ಚಿಕ್ಕಮ್ಮ ಮಾತ್ರ ‘ಡಾಕ್ಟರಿಲ್ಲದ ಕಡೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ಲಾ ನಿನ್ನ ತಲೆಗೇ ಬರುತ್ತೆ’ ಅಂತ ಹೆದರಿಸ್ತಿದ್ದಾರೆ. ಈ ಕೆಲಸಕ್ಕೆ ಸೇರಿ ಬಿಟ್ಟುಬಂದ ನಮ್ಮ ಸೀನಿಯರ್ ಒಬ್ರು, ‘ಪೋರ್ಟಲ್‌ಗೆ ಎಂಟ್ರಿ ಮಾಡೋದೇ ಕೆಲಸ, ಕಲಿತ ನರ್ಸಿಂಗ್ ಮರೆತುಹೋಗುತ್ತೆ’ ಅಂದ್ರು.

ನಿಜವಾಗಿ ದಿನವಿಡೀ ಏನು ಮಾಡ್ತೀರಿ? ಯಾವ ಔಷಧಿ ನಾವೇ ಕೊಡಬಹುದು, ಯಾವುದು ಕೊಡಬಾರದು? ಜನ ಬರ್ತಾರಾ? ಸೇರೋಕೆ ಹೆಚ್ಚು ದಿನ ಇಲ್ಲ, ದಯವಿಟ್ಟು ಬಿಚ್ಚಿ ಹೇಳಿ.

ಒಣಭೂಮಿ_ಸಿಎಚ್‌ಒ ಉತ್ತರ:

ಸಿಸ್ಟರ್, ನಾನು ಕಲ್ಯಾಣ ಕರ್ನಾಟಕದ ಒಂದು ಒಣ ತಾಲೂಕಿನ್ಯಾಗ ಸಿಎಚ್‌ಒ ಅದೀನಿ. ನಾನೂ ಮೊದಲು ಖಾಸಗಿ ದವಾಖಾನಿಯಾಗ ಇದ್ದಾಂವನ. ನಿಮ್ಮ ಸೀನಿಯರ್ ಹೇಳಿದ್ದು ಅರ್ಧ ಖರೆ. ಉಳಿದ ಅರ್ಧ ನಾ ಹೇಳತೀನಿ.

ಮೊದಲ ಒಂದು ತಿಳಕೋರಿ. ಪಿಎಚ್‌ಸಿ, ಅಂದ್ರ ಪ್ರಾಥಮಿಕ ಆರೋಗ್ಯ ಕೇಂದ್ರ ಬ್ಯಾರೆ, ನಾವು ಕುಂದ್ರೋ ಜಾಗ ಬ್ಯಾರೆ. ಪಿಎಚ್‌ಸಿಗೆ ಡಾಕ್ಟರು ಇರತಾರ, ಅದು ಬಯಲುಸೀಮಿಯೊಳಗ 30,000 ಮಂದಿಗೆ ಒಂದು, ಗುಡ್ಡಗಾಡಿನ್ಯಾಗ 20,000ಕ್ಕ ಒಂದು ಅಂತ ಲೆಕ್ಕ. ಅದರ ಕೈಕೆಳಗ ಉಪಕೇಂದ್ರ: ನಮ್ಮಲ್ಲಿ 5,000 ಮಂದಿಗೆ, ಗುಡ್ಡಗಾಡಿಗೆ 3,000ಕ್ಕ. 2018ರಾಗ ಆಯುಷ್ಮಾನ್ ಭಾರತ ಬಂದ ಮ್ಯಾಲ ಈ ಉಪಕೇಂದ್ರಗಳಿಗೆ ನಮ್ಮನ್ನ ಹಾಕಿದ್ರು. ಅದಕ್ಕಿಂತ ಮೊದಲು ಅಲ್ಲಿ ಬಸುರಿ-ಬಾಣಂತಿ, ಮಕ್ಕಳ ಲಸಿಕೆ ಇಷ್ಟೇ ನಡೀತಿತ್ತು. ಐವತ್ತು ವಯಸ್ಸಿನ ಗಂಡಸಿಗೆ ಆ ಬಾಗಿಲದಾಗ ಏನೂ ಕೆಲಸ ಇರಲಿಲ್ಲ.

ಈಗ ಬರೋರೊಳಗ ಅರ್ಧಕ್ಕಿಂತ ಹೆಚ್ಚು ಬಿಪಿ, ಶುಗರಿನವರ. ಇದನ್ನ ಸಣ್ಣ ಕೆಲಸ ಅನ್ಕೋಬ್ಯಾಡ್ರಿ. ಮೊದಲು ಇವರು ಏನ ಮಾಡತಿದ್ರಂದ್ರ, ತಾಲೂಕಿಗೆ ಹೋದ್ರ ಒಂದು ದಿನದ ಕೂಲಿ ಹೋಗತೈತಿ ಅಂತ ಅಂಗಡ್ಯಾಗ ಹತ್ತು ಗುಳಿಗಿ ತಗೊಂಡು, ತಲಿನೋವು ನಿಂತ ಕೂಡ್ಲೆ ಬಿಟ್ಟುಬಿಡತಿದ್ರು. ಆಮ್ಯಾಲ ಒಂದಿನ ಲಕ್ವಾ ಹೊಡೀತಂದ್ರ ಮನಿ ಪೂರ್ತಿ ಕೂತಂಗ. ಮೆಣಸಿನಕಾಯಿ ಬಿಡಿಸಾಕ ಹೋಗೋ ಒಬ್ಬಾಕಿ ಅಮ್ಮ, ಆಶಾ ಒತ್ತಾಯಕ್ಕ ಬಂದಾಕಿ, ನೋಡಿದ್ರ 190/110. ‘ನನಗೇನೂ ಆಗೇ ಇಲ್ಲಲ್ಲೋ ಯಪ್ಪಾ, ಗುಳಿಗಿ ಯಾಕ?’ ಅಂದ್ಲು. ಕುಂದ್ರಿಸಿ, ನೀರು ಕೊಟ್ಟು, ಎರಡನೇ ಸಲ ನೋಡಿದ್ರೂ ಅಷ್ಟ. ಇ-ಸಂಜೀವಿನಿ ಅಂತ ಐತಿ, ಆನ್‌ಲೈನ್‌ನ್ಯಾಗ ಡಾಕ್ಟರಿಗೆ ತೋರಿಸೂದು, ಅದರೊಳಗ ಪಿಎಚ್‌ಸಿ ಸಾಹೇಬ್ರಿಗೆ ತೋರಿಸಿದೆ, ಬಿಪಿ ಗುಳಿಗಿ ಆಮ್ಲೋಡಿಪಿನ್ ಬರದ್ರು. ಗುಳಿಗಿ ಕೊಡೂದು ಐದು ನಿಮಿಷದ ಮಾತು. ಆಕಿನ್ನ ಮುಂದಿನ ತಿಂಗಳು ತಿರುಗಿ ಬರೂವಂಗ ಮಾಡೂದು ಐತೆಲ್ಲ, ಅದ ನಮ್ಮ ನೌಕರಿ.

ನಾ ಏನ ಮಾಡಿದೆ ಅಂದ್ರ, ಮಾತ್ರೆ ಕೊಡೂದನ್ನ ಸಂತಿ ದಿನಕ್ಕ ಹಚ್ಚಿದೆ. ಅವತ್ತ ಹೆಂಗೂ ಮಂದಿ ಹೊಲಕ್ಕ ಹೋಗಂಗಿಲ್ಲ. ಟಂಟಂ ಹತ್ತೂಕಿಂತ ಮೊದಲ, ಮುಂಜಾನೆ ಎಂಟಕ್ಕ ಬಾಗಲ ತಗೀತೀನಿ. ಸರ್ಕಾರಿ ಟೈಮು ಅದಲ್ಲ, ಆದ್ರ ಒಂಬತ್ತೂವರಿಗೆ ತಗದ್ರ ಖಾಲಿ ಕುರ್ಚಿಗೆ ಬಿಪಿ ನೋಡಬೇಕಾಗತೈತಿ. ಗಂಡಸರು ಬರಾಕ ಹತ್ತಿದ್ದೂ ಹಂಗ. ಹೆಂಡ್ತಿ ಜೋಡಿ ಸಂತಿಗೆ ಬಂದವರನ್ನ ‘ನೀವೂ ಕೈ ಚಾಚ್ರಿ’ ಅಂದ್ರ ಇಲ್ಲ ಅನ್ನಂಗಿಲ್ಲ.

ಇಷ್ಟು ಮಾಡಿದ ಮ್ಯಾಲ ಕಪಾಟು ಖಾಲಿ ಆತಂದ್ರ? ಎಲ್ಲಾ ಮುಗೀತು. ಒಂದು ತಿಂಗಳು ‘ಸ್ಟಾಕ್ ಇಲ್ಲರೀ’ ಅಂದ್ರ ಮುಂದಿನ ತಿಂಗಳು ಅರ್ಧ ಮಂದಿ ಬರಂಗಿಲ್ಲ, ಬಂದವರೂ ‘ಐತೇನ್ರಿ ಇಲ್ಲೇನ್ರಿ’ ಅಂತ ಬಾಗಲದಾಗ ನಿಂತ ಕೇಳತಾರ. ಕಾಗದದ ಮ್ಯಾಲ ಉಪಕೇಂದ್ರಕ್ಕ 105 ಔಷಧಿಗಳ ಪಟ್ಟಿ ಐತಿ, 14 ನಮೂನಿ ಪರೀಕ್ಷೆ ಅದಾವ. ನನ್ನ ಕೇಳಿದ್ರ, ಬಿಪಿದು ಎರಡು, ಶುಗರಿಂದು ಎರಡು ಗುಳಿಗಿ, ಪ್ಯಾರಾಸಿಟಮಾಲ್, ಓಆರ್‌ಎಸ್, ಜಿಂಕ್, ಕಬ್ಬಿಣದ ಗುಳಿಗಿ, ಗ್ಲುಕೋಮೀಟರ್ ಸ್ಟ್ರಿಪ್ಸ್ ಇವು ಯಾವತ್ತೂ ತಪ್ಪಬಾರದು. ಉಳಿದದ್ದಕ್ಕ ಮಂದಿ ಕ್ಷಮಾ ಮಾಡತಾರ. ಪೋರ್ಟಲ್ ಸ್ಟಾಕ್ ನಂಬಬ್ಯಾಡ್ರಿ. ಒಂದು ನೂರು ಹಾಳಿ ನೋಟಬುಕ್ ಇಟ್ಟು ವಾರಕ್ಕೊಮ್ಮೆ ಕೈಲೆ ಎಣಿಸ್ರಿ, ಮುಗಿಯೂಕ ಹದಿನೈದು ದಿನ ಇದ್ದಾಗ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕ್ರಿ, ಹಾಕಿದ ಮ್ಯಾಲ ಪಿಎಚ್‌ಸಿ ಫಾರ್ಮಾಸಿಸ್ಟಿಗೆ ಫೋನ್ ಮಾಡ್ರಿ. ಫಾರ್ಮಾಸಿಸ್ಟ್ ಜೋಡಿ ಜಗಳ ಆಡಿದ ಸಿಎಚ್‌ಒ ಉದ್ಧಾರ ಆಗಿದ್ದು ನಾ ನೋಡಿಲ್ಲ!

ಇನ್ನ ‘ಸೂಜಿ ಮಾಡ್ರಿ’ ಅನ್ನೋರು. ಇದಕ್ಕ ತಯಾರ ಆಗೇ ಹೋಗ್ರಿ. ಊರಾಗ ಒಬ್ಬ ಡಿಗ್ರಿ ಇಲ್ಲದ ಡಾಕ್ಟರ್ ಇದ್ದೇ ಇರತಾನ. ಜ್ವರ ಅಂದ್ರ ಸೂಜಿ, ಸುಸ್ತು ಅಂದ್ರ ಸಲೈನ್. ಮಂದಿಗೆ ಅದ ಖರೇ ಡಾಕ್ಟರಕಿ. ನೀವು ಜ್ವರಕ್ಕ ಮಲೇರಿಯಾ ಕಾರ್ಡ್ ಟೆಸ್ಟ್ ಮಾಡಿ, ಪ್ಯಾರಾಸಿಟಮಾಲ್ ಕೊಟ್ಟು, ನೀರು ಕುಡೀರಿ ಅಂದ್ರ ‘ಈ ಮೇಡಂಗ ಏನೂ ಬರಂಗಿಲ್ಲ’ ಅಂತಾರ. ನಾ ಅವನ ಮ್ಯಾಲ ಜಗಳಕ್ಕ ಹೋಗಲಿಲ್ಲ. ಒಮ್ಮೆ ಬಾಜೂ ಮನಿ ಹುಡುಗಿಗೆ ಸೂಜಿ ಮಾಡಿದ ಜಾಗ ಕೀವು ಆಗಿ ನನ್ನ ಕಡೆ ಡ್ರೆಸಿಂಗಿಗೆ ಬಂದ್ರು, ಆ ಓಣಿಯವರು ಅವತ್ತಿಂದ ಇತ್ತ ತಿರುಗಿದ್ರು. ಎಲ್ಲಾ ಓಣಿ ತಿರುಗಿಲ್ಲ, ಅದೂ ಹೇಳತೀನಿ.

ನಾ ಗಂಡಸು, ಅದಕ್ಕ ಒಂದು ಕಡೆ ನಾ ಪೂರಾ ಸೋಲತೀನಿ. ಮೂವತ್ತು ದಾಟಿದ ಹೆಣ್ಣುಮಕ್ಕಳಿಗೆ ಎದೆ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡಬೇಕು ಅಂತ ಐತಿ. ನನ್ನ ಮುಂದ ಯಾರೂ ಬಾಯಿ ಬಿಡಂಗಿಲ್ಲ, ಬಿಡಬೇಕು ಅಂತ ನಾ ಕೇಳೂದೂ ಇಲ್ಲ. ಪಿಎಚ್‌ಸಿಒ (ಮೊದಲಿನ ಎಎನ್‌ಎಂ) ಸಿಸ್ಟರ್ ಇದ್ದ ದಿನ ಅವರ ಕಡೆ ಕಳಸತೀನಿ. ನಿಮಗ ಇದೊಂದು ಬಾಗಲ ತಗದೇ ಐತಿ, ಬಿಡಬ್ಯಾಡ್ರಿ.

ಪೋರ್ಟಲ್ ವಿಷಯ ಖರೆ. ಬಿಪಿ-ಶುಗರಿಗೆ ಎನ್‌ಸಿಡಿ ಒಂದು, ಟಿಬಿಗೆ ನಿಕ್ಷಯ್ ಒಂದು, ಆರೋಗ್ಯ ಗುರುತಿನ ನಂಬರಿಗೆ ಆಭಾ ಒಂದು, ಇ-ಸಂಜೀವಿನಿ ಒಂದು, ದಿನದ ವರದಿಗೆ ಮತ್ತೊಂದು. ಯೋಗ ಮಾಡಿಸಿದ ಫೋಟೋನೂ ಹಾಕಬೇಕು. ಮಂದಿ ಎದುರಿಗೆ ಕುಂತಾಗ ಟ್ಯಾಬ್ ನೋಡಕೋತ ಕುಂದ್ರಬ್ಯಾಡ್ರಿ, ರಿಜಿಸ್ಟರಿಗೆ ಬರಕೊಂಡು ಮಧ್ಯಾಹ್ನದ ಮ್ಯಾಲ ಹಾಕ್ರಿ.

ಪಗಾರ: ಕೇಂದ್ರದ ಮಾರ್ಗಸೂಚಿಯೊಳಗ ತಿಂಗಳಿಗೆ ₹25,000, ಮ್ಯಾಲ ಸಾಧನೆ ನೋಡಿ ಹೆಚ್ಚಂದ್ರ ₹15,000 ಪ್ರೋತ್ಸಾಹಧನ ಅಂತಿತ್ತು. ರಾಜ್ಯದಿಂದ ರಾಜ್ಯಕ್ಕ ಬ್ಯಾರೆ ಆಗತೈತಿ, ನಿಮ್ಮ ಆದೇಶದಾಗ ಏನ ಬರದಾರ ಅದನ್ನ ಓದ್ರಿ. ಪ್ರೋತ್ಸಾಹಧನ ತಿಂಗಳಾ ಬರತೈತಿ ಅಂತ ಇಎಂಐ ಮಾಡಬ್ಯಾಡ್ರಿ. ಒಳಗುತ್ತಿಗೆ ನೌಕರಿ, ಪಿಂಚಣಿ ಇಲ್ಲ. ಇದನ್ನ ಮನಿಯವರಿಗೂ ಹೇಳ್ರಿ, ಅಪ್ಪಾವ್ರು ಊರೆಲ್ಲ ಹೇಳಿಬಿಟ್ಟಾರ ಅಂತ ಬರದೀರಿ!

ಬೆಂಚ್_ಕಾಯಿಸೋನು ಉತ್ತರ:

ಬೇಜಾರಾಗಬೇಡಿ ಮೇಡಂ, ನಿಮ್ಮ ಮೇಲೆ ಏನೂ ಇಲ್ಲ. ಆದ್ರೆ ಇದೆಲ್ಲ ಡಾಕ್ಟರ್ ಕೊಡೋಕಾಗದೆ ಮಾಡಿದ ಅಡ್ಜಸ್ಟ್‌ಮೆಂಟ್. ಸಿಟಿಯವರಿಗೆ ಸ್ಪೆಷಲಿಸ್ಟು, ಹಳ್ಳಿಯವರಿಗೆ ಅರ್ಧ ಡಾಕ್ಟರು. ಬೋರ್ಡ್ ಮೇಲೆ ‘ಅಧಿಕಾರಿ’ ಅಂತ ಬರೆದ ಮಾತ್ರಕ್ಕೆ ಚಿಕಿತ್ಸೆ ಸಿಗುತ್ತಾ?

ಪಿಎಚ್‌ಸಿ_ಎಂಒ ಉತ್ತರ:

ನಾನು ವೈದ್ಯಾಧಿಕಾರಿ. ನನ್ನ ಪಿಎಚ್‌ಸಿ ಕೆಳಗೂ ಸಿಎಚ್‌ಒಗಳಿದ್ದಾರೆ.

ಮೇಲಿನವರ ಸಿಟ್ಟು ನನಗೆ ಅರ್ಥವಾಗುತ್ತೆ. ಕಡ್ಡಾಯ ಗ್ರಾಮೀಣ ಸೇವೆಗೆ ರಾಜ್ಯದಲ್ಲಿ 2012ರ ಕಾಯ್ದೆಯೇ ಇದೆ. ಅದರಡಿ ಬರುವ ಹುಡುಗರು ಒಂದು ವರ್ಷ ಇದ್ದು, ಪಿಜಿ ಪುಸ್ತಕ ಓದ್ಕೊಂಡು, ಜನರ ಮುಖ ಗುರುತಾಗೋ ಹೊತ್ತಿಗೆ ಹೊರಡ್ತಾರೆ. ಪಿಎಚ್‌ಸಿಗೇ ಈ ಪಾಡು. 3,000 ಜನರ ಉಪಕೇಂದ್ರಕ್ಕೆ ಎಂಬಿಬಿಎಸ್ ಬರ್ತಾರೆ ಅಂತ ಕಾಯ್ತಾ ಕೂತ್ರೆ ಬಿಪಿ ನೋಡೋರೂ ಇರೋದಿಲ್ಲ. ಆದ್ರೆ ಸಿಎಚ್‌ಒ ಇದ್ದಾರಲ್ಲ ಅಂತ ಪಿಎಚ್‌ಸಿಯ ಡಾಕ್ಟರ್ ಹುದ್ದೆ ಖಾಲಿ ಬಿಟ್ಟರೆ ಅದು ಮೋಸ. ಅವರ ಕೆಲಸ ನಿಂತಿರೋದೇ ನಮ್ಮ ಚೀಟಿಯ ಮೇಲೆ.

ಅರ್ಧ ಡಾಕ್ಟರ್ ಅನ್ನೋ ಜಗಳ ಹೊಸದೂ ಅಲ್ಲ. ಅಸ್ಸಾಂನಲ್ಲಿ ಮೂರು ವರ್ಷದ ಗ್ರಾಮೀಣ ವೈದ್ಯಕೀಯ ಕೋರ್ಸ್ ಮಾಡಿದ್ರು. ಅದಕ್ಕಿದ್ದ 2004ರ ಕಾಯ್ದೆಯನ್ನ ಗುವಾಹಟಿ ಹೈಕೋರ್ಟ್ 2014ರಲ್ಲಿ ಹೊಡೆದುಹಾಕಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಆದ್ರೆ ಅದೇ ಜನರನ್ನ ಸಮುದಾಯ ಆರೋಗ್ಯ ವೃತ್ತಿಪರರು ಅಂತ ನೋಂದಾಯಿಸೋ 2015ರ ಕಾಯ್ದೆ ಉಳಿಯಿತು. ಡಾಕ್ಟರ್ ಅಂತ ಕರೆಯೋದಕ್ಕೆ ತಕರಾರು, ಮಿತಿಯೊಳಗೆ ಕೆಲಸ ಮಾಡೋದಕ್ಕಲ್ಲ.

ಈಗ ಪ್ರಶ್ನೆ ಕೇಳಿದವರಿಗೆ. ಬಿಪಿ, ಸಕ್ಕರೆ ಮಾತ್ರೆ ಶುರು ಮಾಡೋದು, ಡೋಸ್ ಬದಲಿಸೋದು ವೈದ್ಯಾಧಿಕಾರಿ ಕೆಲಸ. ನಾವು ಬರೆದದ್ದನ್ನ ತಿಂಗಳಿಗೊಮ್ಮೆ ಕೊಟ್ಟು, ಬಿಪಿ ಅಳೆದು, ಇಳೀತಿಲ್ಲ ಅಂದ್ರೆ ವಾಪಸ್ ಕಳಿಸೋದು ನಿಮ್ಮದು. ಸಾಮಾನ್ಯ ಜ್ವರ, ಭೇದಿ, ಕಜ್ಜಿ, ಗಾಯದ ಡ್ರೆಸಿಂಗ್ ನಿಮ್ಮ ಶಿಷ್ಟ ಪದ್ಧತಿಯಲ್ಲೇ ಇದೆ. ಸಂಶಯ ಬಂದ್ರೆ ಫೋನ್ ಮಾಡಿ. ಫೋನ್ ಎತ್ತದ ಎಂಒ ಸಿಕ್ಕರೆ ಅದು ನಿಮ್ಮ ದುರದೃಷ್ಟ, ಆದ್ರೂ ಮಾಡಿ, ಮಾಡಿದ ಸಮಯ ರಿಜಿಸ್ಟರ್‌ನಲ್ಲಿ ಬರೆದಿಡಿ. ನಿಮ್ಮ ಚಿಕ್ಕಮ್ಮನ ಭಯಕ್ಕೆ ನನಗೆ ಗೊತ್ತಿರೋ ಉತ್ತರ ಇದೊಂದೇ: ಏನು ನೋಡಿದಿರಿ, ಏನು ಕೊಟ್ಟಿರಿ, ಎಲ್ಲಿಗೆ ಕಳಿಸಿದಿರಿ ಅನ್ನೋದು ಬರವಣಿಗೆಯಲ್ಲಿ ಇರಬೇಕು.

ಐಸಿಯುನಲ್ಲಿ ಕಲಿತದ್ದು ಮರೆಯುತ್ತೆ ಅಂದ್ರಲ್ಲ, ವೆಂಟಿಲೇಟರ್ ಮರೆಯಬಹುದು. ರೋಗಿ ಹದಗೆಡ್ತಿದ್ದಾನೆ ಅಂತ ಗುರುತಿಸೋ ಕಣ್ಣು ಮರೆಯೋದಿಲ್ಲ, ನಮಗೆ ಬೇಕಿರೋದು ಅದೇ. ಎಂಟು ತಿಂಗಳ ಬಸುರಿ ತಲೆನೋವು, ಕಣ್ಣು ಮಂಜು ಅಂತ ಬಂದು ಬಿಪಿ 160/110 ಇದ್ರೆ ಒಂದು ನಿಮಿಷವೂ ಕೂರಿಸಬೇಡಿ. 108ಕ್ಕೆ ಕರೆ, ನಮಗೆ ಕರೆ. ಫಿಟ್ಸ್ ಬಂದೇಬಿಟ್ಟರೆ ಮ್ಯಾಗ್ನೀಷಿಯಂ ಸಲ್ಫೇಟ್‌ನ ಮೊದಲ ಡೋಸ್, ಎರಡೂ ಪೃಷ್ಠಕ್ಕೆ 5 ಗ್ರಾಂನಂತೆ, ಕೊಟ್ಟು ಕಳಿಸೋಕೆ ಉಪಕೇಂದ್ರದ ಎಎನ್‌ಎಂ ಸಿಸ್ಟರ್‌ಗಳಿಗೂ ಅನುಮತಿ ಇದೆ. ಆಂಪೂಲ್ ಇದೆಯಾ, ಅವಧಿ ಮುಗಿದಿಲ್ಲವಾ ಅಂತ ಸೇರಿದ ದಿನವೇ ನೋಡಿ. ಹಾವು ಕಚ್ಚಿದವರಿಗೆ ನಿಮ್ಮಲ್ಲಿ ಮದ್ದಿರೋದಿಲ್ಲ. ಕಟ್ಟಿದ ಹಗ್ಗವನ್ನ ಗಾಬರಿಯಲ್ಲಿ ಫಟ್ಟಂತ ಬಿಚ್ಚೋಕೆ ಹೋಗದೆ, ಕೈಕಾಲು ಅಲುಗದಂತೆ ಮಾಡಿ ಕಳಿಸಿ, ಮುಂಚೆ ಫೋನ್ ಮಾಡಿದ್ರೆ ನಾವು ಇಲ್ಲಿ ವಯಲ್ ತೆಗೆದಿಟ್ಟಿರ್ತೀವಿ.

ಇ-ಸಂಜೀವಿನಿಯನ್ನ ದಿನದ ಗುರಿ ಮುಟ್ಟಿಸೋಕೆ ಬಳಸಬೇಡಿ, ದಯವಿಟ್ಟು. ನೆಗಡಿ ಕೇಸ್‌ಗಳ ಸಾಲಿನ ಹಿಂದೆ ಎದೆನೋವಿನವನು ಕಾಯ್ತಾ ಇದ್ದದ್ದು ನೋಡಿದ್ದೀನಿ.

ಹೊಳೆದಂಡೆ_ಸಿಸ್ಟರಮ್ಮ ಉತ್ತರ:

ಮಗಾ, ನಾನು ನಿನ್ನ ಸೀಮೆಯವಳೇ, ಶಿವಮೊಗ್ಗ ಜಿಲ್ಲೆಯಲ್ಲೇ ಎಎನ್‌ಎಂ ಆಗಿ ಸೇರಿ ಈಗ ನಿವೃತ್ತಿ ಆದವಳು. ನಮ್ಮನ್ನ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಅಂತಿದ್ರು, ಕೊನೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು ಬದಲಾಯ್ತು. ಸಂಬಳ ಅದೇ, ಬ್ಯಾಗ್ ಅದೇ, ಐಸ್‌ಬಾಕ್ಸ್ ಅದೇ.

ಎಲ್ರೂ ಮಾತ್ರೆ, ಪೋರ್ಟಲ್ ಹೇಳಿದ್ರು. ನಾನು ಇನ್ನೊಂದು ಹೇಳ್ತೀನಿ. ನೀನು ಹೋಗೋ ಉಪಕೇಂದ್ರದಲ್ಲಿ ಮೊದಲಿಂದ ಒಬ್ಬ ಸಿಸ್ಟರ್ ಇರ್ತಾಳೆ. ಆ ಊರಿನ ಅರ್ಧ ಮಕ್ಕಳಿಗೆ ಲಸಿಕೆ ಹಾಕಿದವಳು. ಯಾರ ಮನೆಗೆ ಹಿಂಬಾಗಿಲಿಂದ ಹೋಗ್ಬೇಕು, ಯಾವ ಅತ್ತೆ ಎದುರು ಕಾಪರ್-ಟಿ ಮಾತೆತ್ತಬಾರದು, ಎಲ್ಲಾ ಅವಳಿಗೆ ಗೊತ್ತು. ನಿಯಮದ ಪ್ರಕಾರ ತಂಡಕ್ಕೆ ನೀನು ಮುಖ್ಯಸ್ಥೆ. ಮಗಳ ವಯಸ್ಸಿನ ಹುಡುಗಿ ಬಂದು ‘ರಿಪೋರ್ಟ್ ಕೊಡಿ’ ಅಂದಾಗ ನಮಗೆ ಉರಿದದ್ದು ಸುಳ್ಳಲ್ಲ ಮಾರಾಯ್ತಿ. ನಮ್ಮಲ್ಲಿಗೆ ಬಂದ ಒಬ್ಬಳು ಮೊದಲ ದಿನವೇ ನನ್ನ ಕಪಾಟಿನ ಕೀ ಕೇಳಿದಳು. ಅವಳ ಹತ್ರ ನಾನು ಸರಿಯಾಗಿ ಮಾತಾಡೋಕೆ ಒಂದು ಮಳೆಗಾಲ ಬೇಕಾಯ್ತು. ಆಮೇಲೆ ಬಂದ ಇನ್ನೊಬ್ಬಳು ಲಸಿಕೆ ದಿನ ನನ್ನ ಜೊತೆ ಐಸ್‌ಬಾಕ್ಸ್ ಹೊತ್ತು ದಿಬ್ಬ ಹತ್ತಿದಳು, ಮಗು ಹಿಡ್ಕೊಂಡಳು. ಅವಳಿಗೆ ನಾನು ನನ್ನ ಹಳೇ ಮನೆಮನೆ ಪುಸ್ತಕ ಕೊಟ್ಟೆ.

ಆಶಾಗಳಿಗೆ ಮರ್ಯಾದೆ ಕೊಡು. ಮೂವತ್ತು ದಾಟಿದವರ ಫಾರ್ಮ್ ತುಂಬಿ ನಿನ್ನ ಹತ್ರ ಕಳಿಸೋಳೇ ಅವಳು, ಅವಳಿಲ್ಲದಿದ್ರೆ ನಿನ್ನ ಕುರ್ಚಿ ಎದುರು ಯಾರೂ ಇರಲ್ಲ.

ನಮ್ಮ ಕಡೆ ಬಯಲುಸೀಮೆ ಥರ ಮನೆಗಳು ಒಂದೇ ಕಡೆ ಇಲ್ಲ ಅಂತ ನಿನಗೆ ಗೊತ್ತಲ್ಲ. ಸಂತೆ ದಿನದ ಉಪಾಯ ಹೊಸನಗರದ ಒಳಗಿನ ಹಳ್ಳಿಗೆ ನಡೆಯೋದು ಕಷ್ಟ. ಸೊಸೈಟಿಯಲ್ಲಿ ಅಕ್ಕಿ ಕೊಡೋ ದಿನ ಹಿಡಿ, ಎಲ್ರೂ ಬರ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳ್ಳ ದಾಟಿ ಬರೋಕಾಗದ ಮುದುಕರಿಗೆ ಮಾತ್ರೆ ಒಂದು ತಿಂಗಳಿಗಿಂತ ಜಾಸ್ತಿ ಕೊಡೋಕಾಗುತ್ತಾ ಅಂತ ಡಾಕ್ಟರ ಹತ್ರ ಮೇ ತಿಂಗಳಲ್ಲೇ ಕೇಳಿಟ್ಕೋ.

ಮತ್ತೆ ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಕಂಡಿದ್ದು, ಇನ್ನೂ ಬಿಟ್ಟಿಲ್ಲ. ಡಿಸೆಂಬರ್ ಶುರುವಾದ ಮೇಲೆ ಬೇಸಿಗೆ ಮುಗಿಯೋವರೆಗೆ ಜ್ವರ ಅಂತ ಬಂದವರನ್ನೆಲ್ಲ ‘ಕಾಡಿಗೆ ದರಗು (ಒಣ ಎಲೆ) ತರೋಕೆ ಹೋಗಿದ್ರಾ, ಹತ್ತಿರ ಎಲ್ಲಾದ್ರೂ ಮಂಗ ಸತ್ತಿದೆಯಾ’ ಅಂತ ಕೇಳು. ಹೌದು ಅಂದ್ರೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಬೇಡ, ರಕ್ತದ ಮಾದರಿ ಹೋಗ್ಬೇಕು, ಪಿಎಚ್‌ಸಿಗೆ ತಿಳಿಸು. ಕಾಡಿಗೆ ಹೋಗೋರಿಗೆ ಈ ಕಾಯಿಲೆ ಹರಡೋ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಹಂಚೋದೂ ಉಪಕೇಂದ್ರದಿಂದಲೇ. ಹಂಚಿದ್ರೆ ಸಾಲದು, ವಾಸನೆ ಅಂತ ಹಚ್ಚೋದೇ ಇಲ್ಲ, ಬಾಟ್ಲಿ ತಗೊಂಡು ಹೋಗಿ ಮಾಡಿನ ಸಂದಿಗೆ ಸಿಕ್ಕಿಸ್ತಾರೆ.

ಶರಾವತಿ_ಸಿಸ್ಟರ್:

ಎಲ್ಲರಿಗೂ ತುಂಬಾ ಧನ್ಯವಾದ. ಸಿಸ್ಟರಮ್ಮ, ಕೀ ವಿಷಯ ಓದಿ ನಗು ಬಂತು, ಹೆದರಿಕೆಯೂ ಆಯ್ತು. ಇಲ್ಲಿ ರಾಜೀನಾಮೆ ಬರೆದಿದ್ದೀನಿ, ನೋಟಿಸ್ ಅವಧಿ ಮುಗಿಸಿ ಹೊರಡ್ತೀನಿ. ಎರಡು ಸಣ್ಣ ಪ್ರಶ್ನೆ ಉಳಿದಿದೆ. ಉಪಕೇಂದ್ರದ ಖರ್ಚಿಗೆ ದುಡ್ಡು ಯಾರ ಕೈಲಿರುತ್ತೆ? ಚಾರ್ಜ್ ತಗೊಳ್ಳುವಾಗ ಏನೇನು ನೋಡ್ಕೋಬೇಕು?

ಒಣಭೂಮಿ_ಸಿಎಚ್‌ಒ ಉತ್ತರ:

ಶುಭವಾಗಲಿ ಸಿಸ್ಟರ್. ಜನ ಆರೋಗ್ಯ ಸಮಿತಿ ಅಂತ ಇರತೈತಿ. ಗ್ರಾಮ ಪಂಚಾಯಿತಿ ಅಧ್ಯಕ್ಷರು ಅದಕ್ಕ ಅಧ್ಯಕ್ಷರು, ನೀವು ಸದಸ್ಯ ಕಾರ್ಯದರ್ಶಿ. ವರ್ಷಕ್ಕ ₹50,000 ಅನಿರ್ಬಂಧಿತ ನಿಧಿ ಅಂತ ಮಾರ್ಗಸೂಚಿಯೊಳಗ ಐತಿ. ನಳ, ಬಲ್ಬು, ರೋಗಿಗಳು ಕುಂದ್ರೋ ಬೆಂಚು, ಸ್ವಚ್ಛತಾ ಸಾಮಾನು ಇಂಥಾದ್ದಕ್ಕ. ಸಭೆ ಕರದು ಠರಾವು ಬರಸದ ಒಂದು ರೂಪಾಯಿನೂ ತಗೀಬ್ಯಾಡ್ರಿ. ಅಧ್ಯಕ್ಷರ ಗಂಡ ಬಂದು ‘ನಾನ ಸಹಿ ಹಾಕತೀನಿ’ ಅಂದ್ರ ನಗಕೋತ ಚಹಾ ಕುಡಿಸಿ ಕಳಸ್ರಿ, ಸಹಿ ಅಕ್ಕಾವ್ರದ ಬೇಕು. ಪಂಚಾಯಿತಿಯವರನ್ನ ಹಚಗೊಂಡ್ರ ನೀರಿನ ಟ್ಯಾಂಕ್, ಕಾಂಪೌಂಡು ಅವರ ಕಡೆಯಿಂದ ಆಗತಾವ. ನಮ್ಮಲ್ಲಿ ಪಾಯಖಾನಿಗೆ ನೀರು ಬಂದದ್ದ ಹಂಗ.

ಚಾರ್ಜ್ ತಗೊಳೂವಾಗ ಪಟ್ಟಿ ಓದಿ ಸಹಿ ಮಾಡಬ್ಯಾಡ್ರಿ, ಸಾಮಾನು ಎಣಿಸಿ ಮಾಡ್ರಿ. ಔಷಧಿ ಪೆಟ್ಟಿಗಿ ಒಂದೊಂದರ ಎಕ್ಸ್‌ಪೈರಿ ನೋಡ್ರಿ, ಮುಗಿದದ್ದಿದ್ರ ಅದನ್ನ ಬ್ಯಾರೆ ಬರಸ್ರಿ, ಇಲ್ಲಾಂದ್ರ ನಾಳೆ ನಿಮ್ಮ ಹೆಸರಿಗೆ ಬರತೈತಿ. ಬಿಪಿ ಮಷಿನ್ನಿನ ಪಟ್ಟಿ ಗಾಳಿ ಬಿಡತೈತೇನು ಕಟಗೊಂಡು ನೋಡ್ರಿ. ಮತ್ತ ಗ್ಲುಕೋಮೀಟರ್ ಒಂದು ಕಂಪನಿದು, ಸ್ಟ್ರಿಪ್ಸ್ ಇನ್ನೊಂದು ಕಂಪನಿದು ಇರತಾವ. ಡಬ್ಬಿ ಡಬ್ಬಿ ಸ್ಟ್ರಿಪ್ಸ್ ಐತಿ ಅಂತ ಪಟ್ಟಿಯೊಳಗ ಇರತೈತಿ, ಒಂದೂ ಮಷಿನ್ನಿಗೆ ಕೂಡಂಗಿಲ್ಲ. ಅಲ್ಲೇ ಒಂದು ಹಾಕಿ, ನಿಮ್ಮ ಬಟ್ಟಿಂದ ರಕ್ತ ತಗದು ನೋಡಿಯೇ ಸಹಿ ಮಾಡ್ರಿ.